ದುಪ್ಪಟಿಯ ಎರಡು ತುದಿ

ನನ್ನ ಬಣ್ಣ ಬದನೆಕಾಯಿಯದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹಾಲಮ್ಮ ಮುಚ್ಚಿಟ್ಟಳು ಅನ್ನಬೇಡಿ. ನನ್ನ ಮಂಡಕ್ಕಿ ಭಟ್ಟಿಯ ಹೊಗೆ ಯಾರ ಮಾಳಿಗೆಯ ಮೇಲೆ ಹೋಗಿ ಕೂತರೂ ಅಲ್ಲಿಯ ಬಟ್ಟೆಗೆ ಬದನೆಕಾಯಿಯ ಬಣ್ಣ ಹತ್ತುತ್ತದೆ. ಹೋಟೆಲ್ ಗಾದಿಲಿಂಗಪ್ಪನದು ಅರಿಶಿನ, ಇಟ್ಟಿಗೆ ಗೂಡಿನವರದು ಗಿಳಿಹಸಿರು, ಹಪ್ಪಳದ ಸಿದ್ದಮ್ಮನ ಒಲೆಯದು ಎಳೆ ಗುಲಾಬಿ. ನಮ್ಮೂರಿನಲ್ಲಿ ಬೆಂಕಿ ಹಚ್ಚಿದವರಿಗೆಲ್ಲ ಒಂದೊಂದು ಬಣ್ಣ ಇದೆ. ಹೆಣ್ಣು ನೋಡಲು ಬಂದವರೂ ಮೊದಲು ಮನೆಯ ಬಣ್ಣ ಕೇಳಿ ಆಮೇಲೆ ಹುಡುಗಿಯ ಹೆಸರು ಕೇಳುತ್ತಾರೆ. ನನ್ನನ್ನು ನೋಡಲು ಬಂದಾಗ ನಮ್ಮತ್ತೆ, "ಬದನೆ ಬಣ್ಣದ ಮನೆಗೆ ಬರ್ತೀಯೇನವ್ವ? ಒಗೆಯೋದು ಬಾಳ ಇರ್ತೈತಿ" ಎಂದು ಕೇಳಿದ್ದರು. ನಾನು ಹದಿನೆಂಟರ ಸೊಕ್ಕಿನಲ್ಲಿ, "ನನ್ನ ರಟ್ಟೆ ನೋಡ್ರಿ" ಎಂದಿದ್ದೆ.

ಒಗೆತದ ಮಾತು ಯಾಕೆ ಬಂತೆಂದರೆ, ಇಲ್ಲಿ ಪ್ರತಿ ಮನೆಯವರೂ ಮಾಳಿಗೆಯ ಮೇಲೆ ಒಂದು ಬಿಳಿ ದುಪ್ಪಟಿ ಕಟ್ಟಿರಬೇಕು. ಸೋಮವಾರ ಬೆಳಿಗ್ಗೆ ಅದನ್ನು ಬಿಚ್ಚಿಕೊಂಡು ಬೇವಿನ ಕಟ್ಟೆಗೆ ಬರಬೇಕು. ಅಲ್ಲಿ ಚೌಡಕ್ಕ ಕೂತಿರುತ್ತಾಳೆ. ಒಂದೊಂದೇ ದುಪ್ಪಟಿ ಹರವಿ, ಬಣ್ಣ ನೋಡಿ, ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ತಿಕ್ಕಿ, ಮೂಸಿ, ಹೆಸರು ಕರೆಯುತ್ತಾಳೆ. ಹೆಸರು ಬಂದವರು ಎದ್ದು, ಎರಡೂ ಕೈ ಚಾಚಿ ಆ ದುಪ್ಪಟಿ ಇಸಕೊಂಡು, ಕೆರೆಯ ಕಲ್ಲಿನ ಮೇಲೆ ಒಗೆದು, ಬೆಳ್ಳಗೆ ಮಾಡಿ ವಾಪಸು ಕೊಡಬೇಕು. ಬಣ್ಣವೂ ಹಟಮಾರಿ, ತನ್ನ ಒಡೆಯರ ಕೈಗೆ ಬಿಟ್ಟರೆ ಬೇರೆಯವರ ಕೈಗೆ ಬಿಡುವುದಿಲ್ಲ. ನಾಲ್ಕು ಬಣ್ಣ ಬಿದ್ದಿದ್ದರೆ ನಾಲ್ವರೂ ಸರದಿಯಲ್ಲಿ ಒಗೆಯಬೇಕು. ಒಂದು ಬಣ್ಣಕ್ಕೆ ಒಬ್ಬರು ಒಡೆಯರು. ಇದರಲ್ಲಿ ನಮ್ಮೂರಿನವರಿಗೆ ಎಂದೂ ಅನುಮಾನ ಬಂದಿರಲಿಲ್ಲ. ಮೂರು ಸೋಮವಾರ ಕಳೆದರೂ ಬೆಳ್ಳಗಾಗದಿದ್ದರೆ ಆ ಒಲೆ ಊರ ಹೊರಗೆ ಹೋಗಬೇಕು. ನನ್ನ ಕಾಲದಲ್ಲಿ ಅಂಥದ್ದು ಆಗಿರಲೇ ಇಲ್ಲ.

ಚೌಡಕ್ಕನ ಬಗ್ಗೆ ನಾಲ್ಕು ಮಾತು ಹೇಳಬೇಕು. ಗಂಡ ತೀರಿಕೊಂಡ ವರ್ಷ ಕಟ್ಟೆಯ ಮೇಲೆ ಕೂತವಳು ಮೂವತ್ತು ವರ್ಷದಿಂದ ಕೂತೇ ಇದ್ದಾಳೆ. ಆಳು ಗಿಡ್ಡ, ಮಾತು ಇನ್ನೂ ಗಿಡ್ಡ. ನನ್ನಂಥ ಬಾಯಿಬಡಕಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ವಾರಕ್ಕೆ ಇಪ್ಪತ್ತೇಳು ದುಪ್ಪಟಿಗೆ ನನ್ನ ಹೆಸರು ಕರೆದವಳು ಅವಳು, ಬೈಯದೆ ಬಿಡುತ್ತೇನೆಯೇ? ಆದರೂ ಒಂದು ಮಾತು ಒಪ್ಪಲೇಬೇಕು. ಪ್ರತಿ ಸೋಮವಾರ ಅವಳು ಮೊದಲು ಹರವುತ್ತಿದ್ದುದು ತನ್ನದೇ ಒಲೆಯ ದಾಸವಾಳ ಕೆಂಪು ಬಿದ್ದ ದುಪ್ಪಟಿಯನ್ನು. "ಚೌಡಕ್ಕ" ಎಂದು ತನ್ನ ಹೆಸರನ್ನೇ ಗಟ್ಟಿಯಾಗಿ ಕರೆದು, ತಾನೇ ಎದ್ದು, ತನ್ನ ಕೈಯಿಂದ ತಾನೇ ಇಸಕೊಂಡು, ಮತ್ತೆ ಕೂತು ಉಳಿದವರ ಹೆಸರು ಕರೆಯುತ್ತಿದ್ದಳು. ನೋಡಿದ ಹೊಸಬರಿಗೆ ನಗು ಬರುತ್ತಿತ್ತು. ನಮಗೆ ಬರುತ್ತಿರಲಿಲ್ಲ.

ಇಪ್ಪತ್ತೇಳು ದುಪ್ಪಟಿ ಯಾಕೆಂದರೆ, ನಾವು ಭಟ್ಟಿಗೆ ಹಳೇ ಟೈರು ಹಾಕುತ್ತಿದ್ದೆವು. ಟೈರು ಹಾಕಿದರೆ ಮರಳು ಬೇಗ ಕಾಯುತ್ತದೆ, ಮಂಡಕ್ಕಿ ಮಲ್ಲಿಗೆ ಮೊಗ್ಗಿನ ಹಾಗೆ ಅರಳುತ್ತದೆ. ಒಗೆದರೆ ಆಯಿತಲ್ಲ ಎಂದು ಒಗೆಯುತ್ತಿದ್ದೆ. ಎಷ್ಟು ತಿಕ್ಕಿದರೂ ಒಂಚೂರು ಮಬ್ಬು ಉಳಿಯುತ್ತಿತ್ತು, "ಹಳೇ ಬಟ್ಟೆ ಬಿಡ್ರಿ" ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ದುಪ್ಪಟಿ ಹಿಂಡಲು ಇಬ್ಬರು ಬೇಕು. ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ನಮ್ಮ ಮನೆಯವರು, ಸಣ್ಣೀರಪ್ಪ. ಅವರು ಎಡಕ್ಕೆ ತಿರುವಿದರೆ ನಾನು ಬಲಕ್ಕೆ. ಮದುವೆಯಾದ ಮೇಲೆ ನಾವು ಕೈ ಕೈ ಹಿಡಿದು ತಿರುಗಾಡಿದವರಲ್ಲ. ದುಪ್ಪಟಿ ಹಿಂಡಿದ್ದೇ ನಮ್ಮ ಸಂಸಾರ.

ಮೂರು ವರ್ಷದ ಹಿಂದೆ ಕೆರೆಯ ದಂಡೆಯಲ್ಲಿ ಅವರು ತುದಿ ಹಿಡಿದವರು ತಿರುವಲಾರದೆ ನಿಂತುಬಿಟ್ಟರು. ಬಾಯಿ ತೆರೆದಿದೆ, ಉಸಿರು ಒಳಗೆ ಹೋಗುತ್ತಿಲ್ಲ, ಎದೆ ಪೀಪಿಯಂತೆ ಊದುತ್ತಿದೆ. ಆಸ್ಪತ್ರೆಯ ಡಾಕ್ಟರಮ್ಮ ಬಾಯಿಗಿಟ್ಟು ಉಸಿರು ಎಳೆದುಕೊಳ್ಳುವ ಒಂದು ಪಂಪು ಕೊಟ್ಟು, ನನ್ನ ಸೆರಗಿನ ಬದನೆ ಬಣ್ಣ ನೋಡಿ, "ಬಟ್ಟೆ ಮೇಲೆ ಕಾಣೋದನ್ನ ಒಗೀತೀರಿ ಹಾಲಮ್ಮ, ಎದೆ ಒಳಗೆ ಹೋಗಿದ್ದನ್ನ ಯಾರು ಒಗೀಬೇಕು?" ಎಂದರು. ಆ ಮಾತು ನನಗೆ ನಾಟಿತು. ಮಾರನೆಯ ದಿನವೇ ಟೈರು ನಿಲ್ಲಿಸಿ ಭತ್ತದ ಹೊಟ್ಟಿಗೆ ಬಂದೆ. ಹೊಸ ಒಲೆ ಕಟ್ಟಿಸಿದೆ, ಗಾಳಿ ಊದುವ ಫ್ಯಾನ್ ಇಡಿಸಿದೆ. ವಾರ ವಾರಕ್ಕೂ ಬದನೆ ಬಣ್ಣ ಕಡಿಮೆಯಾಗುತ್ತಾ ಬಂದು, ಆ ಬೇಸಿಗೆಯಲ್ಲಿ ಒಂದು ಸೋಮವಾರ ಚೌಡಕ್ಕ ನನ್ನ ಹೆಸರು ಒಮ್ಮೆಯೂ ಕರೆಯಲಿಲ್ಲ. ನಾನು ಕಟ್ಟೆಯ ಮುಂದೆಯೇ ಕೂತು ಅತ್ತುಬಿಟ್ಟೆ. ಅವಳು ನನ್ನ ಕಡೆ ನೋಡಿ, "ಚಲೋ ಮಾಡಿದಿ" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ನನಗೆ ಬಂದ ಮೊದಲ ಒಳ್ಳೆಯ ಮಾತು.

ಮಳೆಗಾಲದ ತನಕ ನಮ್ಮ ಮನೆಯವರು ಚೆನ್ನಾಗಿದ್ದರು. ಚಳಿ ಹಿಡಿಯಿತು ನೋಡಿ, ಹೊಸದೊಂದು ಶುರುವಾಯಿತು. ಬೆಳಿಗ್ಗೆ ಮಾಳಿಗೆ ಹತ್ತಿದರೆ ದುಪ್ಪಟಿಯ ಮೇಲೆ ತೆಳ್ಳಗೆ, ನೀರು ಬೆರೆಸಿದ ಹಾಲಿನಂಥ ಒಂದು ಪೊರೆ. ಮುಟ್ಟಿದರೆ ಬೆರಳಿಗೆ ಜಿಗುಟು. ಹಾಲು ಬಣ್ಣದವರು ಊರಿನಲ್ಲಿ ಯಾರೂ ಇಲ್ಲ. ಪೊರೆ ಬಿದ್ದ ದಿನ ಇವರು ಗೋಡೆ ಹಿಡಿದು ಕೂರುತ್ತಿದ್ದರು. "ಯಾವ ಮನೆಹಾಳ ಹಚ್ಚಿದ್ದಾನೋ ಈ ಒಲೆ!" ಎಂದು ನಾನು ಬೀದಿಯಲ್ಲಿ ನಿಂತು ಶಪಿಸಿದೆ.

ಸೋಮವಾರ ಚೌಡಕ್ಕ ಆ ಪೊರೆಯನ್ನು ಮೂಸಿದಳು. ಮತ್ತೆ ಮೂಸಿದಳು. ಎಂದೂ ಅಷ್ಟು ಹೊತ್ತು ತಗೊಂಡವಳಲ್ಲ. ಕಡೆಗೆ, "ಜಂಬಣ್ಣ" ಎಂದಳು.

ಜಂಬಣ್ಣ ಎಂದರೆ ನಮ್ಮ ಹಿಂದಿನ ಓಣಿಯ ಗೌಳಿ. ನಲವತ್ತು ಎಮ್ಮೆ ಕಟ್ಟಿದ್ದಾನೆ, ಅರ್ಧ ಊರಿಗೆ ಹಾಲು ಅವನದೇ. ಅವನ ದೊಡ್ಡಿಗೂ ನನ್ನ ಗೋಡೆಗೂ ಮೂವತ್ತು ಹೆಜ್ಜೆ. ಪಾಪ, ಹೆಸರು ಕೇಳಿ ಹಿಂದೆ ತಿರುಗಿ ನೋಡಿದ, ಇನ್ನೊಬ್ಬ ಜಂಬಣ್ಣ ಇದ್ದಾನೇನೋ ಎಂಬ ಹಾಗೆ.

"ಅಕ್ಕಾರೆ, ನಾನು ಬೆಂಕಿ ಹಚ್ಚೋದು ಎರಡು ರೊಟ್ಟಿ ಸುಡಾಕ. ನಂದು ನಿಂಬೆಹಣ್ಣಿನ ಬಣ್ಣ, ನಿಮಗೆ ಗೊತ್ತೈತಲ್ಲ."

"ಇದರಾಗೆ ಗಂಜಲದ ವಾಸನಿ ಐತಿ ಜಂಬಣ್ಣ. ನಿನ್ನ ದೊಡ್ಡಿದು."

"ಬೆಂಕಿ ಇಲ್ಲದೆ ಹೊಗೆ ಆಡ್ತೈತೇನ್ರಿ?"

ಆದರೂ ಅವನು ಕೈ ಚಾಚಿ ದುಪ್ಪಟಿ ಇಸಕೊಂಡ. ಒಗೆದ. ಪೊರೆ ಅರ್ಧ ತೆಳುವಾಯಿತೇ ಹೊರತು ಹೋಗಲಿಲ್ಲ. "ಮನಸ್ಸಿಟ್ಟು ಒಗೀತಿಲ್ಲ ಅವನು" ಎಂದೆ ನಾನು. ಎರಡನೆಯ ವಾರ ಗಂಡ ಹೆಂಡತಿ ಇಬ್ಬರೂ ಕೂತು ತಿಕ್ಕಿದರು, ಆಗಲೂ ಅಷ್ಟೇ. ಆಗ ಚೌಡಕ್ಕ, "ಎಮ್ಮೆ ಹೊಡ್ಕೊಂಡು ಒಂದು ವಾರ ಹೊಳೆ ಆಚೆ ಹುಲ್ಲುಗಾವಲಿಗೆ ಹೋಗಿ ಬಾ, ನೋಡಾನ" ಎಂದಳು. ಹೋದ. ಆ ವಾರವೆಲ್ಲ ನನ್ನ ದುಪ್ಪಟಿ ಬೆಳ್ಳಗೆ. ವಾಪಸು ಬಂದ, ಮಾರನೆಯ ಬೆಳಿಗ್ಗೆಯೇ ಪೊರೆ ಬಿತ್ತು. ಇನ್ನೇನು ಬೇಕು ಸಾಕ್ಷಿ? ನಾನು ಕಟ್ಟೆಯ ಮುಂದೆ ನಿಂತು, ನನ್ನ ಗಂಡನ ಪಂಪು ಎಲ್ಲರ ಮುಂದೆ ಎತ್ತಿ ಹಿಡಿದು, "ಇವರ ಉಸಿರು ಮುಖ್ಯನೋ ಅವನ ಎಮ್ಮೆ ಮುಖ್ಯನೋ ಹೇಳ್ರಿ!" ಎಂದು ಕಿರುಚಿದೆ. ಜಂಬಣ್ಣ ತಲೆ ಬಗ್ಗಿಸಿಯೇ ನಿಂತಿದ್ದ. ಬರುವ ಸೋಮವಾರಕ್ಕೆ ದೊಡ್ಡಿ ಊರು ಬಿಡಬೇಕೆಂದು ತೀರ್ಮಾನವಾಯಿತು. ಹೊಳೆ ಆಚೆ ಮನೆಯಿಲ್ಲ, ನೀರಿಲ್ಲ, ಹಾಲು ಕೊಳ್ಳುವವರಿಲ್ಲ. ಅವನ ಹೆಂಡತಿ ಎಮ್ಮೆಗಳ ಕೊರಳ ಗಂಟೆ ಒಂದೊಂದೇ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದುದು ನನ್ನ ಮಾಳಿಗೆಗೆ ಕಾಣುತ್ತಿತ್ತು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಆ ವಾರವೇ ಗುಡ್ಡದ ದಾರಿಯ ಸೇತುವೆ ಕುಸಿಯಿತು. ಗುಡ್ಡದಾಚೆಯ ಊರಿನ ಜಲ್ಲಿ ಲಾರಿಗಳು ನಮ್ಮ ಊರೊಳಗೇ ಹಾದು ಹೋಗುತ್ತವೆ. ಬೆಳಗಿನ ಚಳಿಯಲ್ಲಿ ಗಾದಿಲಿಂಗಪ್ಪನ ಹೋಟೆಲಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದವು, ಡ್ರೈವರುಗಳು ಇಂಜಿನ್ ಆರಿಸದೆ ಟೀ ಕುಡಿಯುತ್ತಿದ್ದರು. ಅವುಗಳ ಕರಿ ಮಸಿ ರಸ್ತೆ ಪಕ್ಕದ ನಾಲ್ಕು ಮನೆಗೆ ಬೀಳುತ್ತಿತ್ತು. ಲಾರಿಯವರು ಊರಿನವರಲ್ಲ, ಕಟ್ಟೆಗೆ ಬರುವವರಲ್ಲ. ಹಾಗಾಗಿ ಕರಿ ಬಿದ್ದರೆ ಅವರ ಹೆಸರು ಕರೆಯುವ ಪದ್ಧತಿಯೇ ಇರಲಿಲ್ಲ. ಸೇತುವೆ ಕುಸಿದ ದಿನದಿಂದ ಒಂದು ಲಾರಿಯೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಮಾಳಿಗೆ ಹತ್ತಿದೆ. ಹಿಂದಿನ ಸಂಜೆ ಕಟ್ಟಿದ್ದ ಒಗೆದ ದುಪ್ಪಟಿ ಬೆಳ್ಳಗೇ ಇತ್ತು. ಮೂವತ್ತು ಹೆಜ್ಜೆಯಲ್ಲಿ ನಲವತ್ತೂ ಎಮ್ಮೆ ಮೆಲುಕು ಹಾಕುತ್ತಾ ನಿಂತಿವೆ, ಕೊರೆಯುವ ಚಳಿ ಇದೆ, ದುಪ್ಪಟಿ ಮಾತ್ರ ಬೆಳ್ಳಗಿದೆ. ಶುಕ್ರವಾರವೂ ಬೆಳ್ಳಗೆ. ಶನಿವಾರವೂ. ಇವರು ಮೂರು ದಿನವೂ ಗೋಡೆ ಹಿಡಿಯದೆ ಎದ್ದು ಓಡಾಡಿದರು.

ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ಸುಳ್ಳು. ಎಲ್ಲ ಅರ್ಥವಾಯಿತು. ನಾನು ದುಪ್ಪಟಿ ಮಡಚಿ ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದೆ. ನೀವು ಏನಾದರೂ ಅಂದುಕೊಳ್ಳಿ. ಜಂಬಣ್ಣ ಹೋದರೆ ಪೊರೆ ಹೋಗುತ್ತದೆ, ಅದು ಕಣ್ಣಾರೆ ಕಂಡಿದ್ದು. ಅವನನ್ನು ಉಳಿಸಿಕೊಂಡು ಲಾರಿಯವರನ್ನು ನಿಲ್ಲಿಸೋಣ ಎಂದರೆ ಅವರು ಯಾರ ಮಾತು ಕೇಳುತ್ತಾರೆ? ಸೇತುವೆ ನಾಳೆ ಸರಿಯಾಗುತ್ತದೆ, ಲಾರಿ ಬರುತ್ತವೆ, ನನ್ನ ಗಂಡ ಮತ್ತೆ ಗೋಡೆ ಹಿಡಿಯುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಇವರ ಉಸಿರು ಉಳಿಯುತ್ತದೆ. ಬಾಯಿ ತೆರೆದರೆ ಹೋಗುತ್ತದೆ. ಜೀವಮಾನದಲ್ಲಿ ಒಮ್ಮೆ ಈ ಬಾಯಿ ಮುಚ್ಚಿದ್ದರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದರು.

"ನಿಮಗೋಸ್ಕರ ಕಣ್ರಿ ನಾನು..."

"ಗೊತ್ತೈತಿ ಹಾಲಿ. ಅವನ ದೊಡ್ಡಿ ಎಬ್ಬಿಸಿ ಎಳ್ಕೊಂಡ ಉಸಿರು ನನಗೆ ಒಳಗೆ ಇಳಿಯಲ್ಲ." ಅಷ್ಟೇ ಹೇಳಿ ಹೊರಗೆ ಹೋಗಿ ಮನೆ ಮುಂದಿನ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತರು. ನಾನು ಒಳಗೆ ಪಾತ್ರೆ ಎತ್ತಿ ಎತ್ತಿ ಕುಕ್ಕಿದೆ. ಎಷ್ಟು ಕುಕ್ಕಿದರೂ ಆ ಮಾತು ಕಿವಿಯಿಂದ ಹೋಗಲಿಲ್ಲ. ಮಧ್ಯಾಹ್ನ ಬೀಗ ತೆಗೆದೆ.

ಚೌಡಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಬಿಳಿ ದುಪ್ಪಟಿ ಅವಳ ಮುಂದೆ ಹರವಿ, "ಓದು" ಎಂದೆ. ಬೆರಳಲ್ಲಿ ತಿಕ್ಕಿದಳು. ಮೂಸಿದಳು. ದೊಡ್ಡಿಯ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು.

"ಎಮ್ಮೆ ಅದಾವೇನು?"

"ನಲವತ್ತೂ ಅದಾವೆ."

"ಲಾರಿ?"

"ಗುರುವಾರದಿಂದ ಒಂದೂ ಇಲ್ಲ."

ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. "ನಿನ್ನ ಹಳೇ ಬದನೆ ಬಣ್ಣದ್ದು ಯಾವುದಾದ್ರೂ ಉಳದೈತೇನು, ಒಗೀದೆ ಇದ್ದದ್ದು?" ಎಂದು ಕೇಳಿದಳು. ಭಟ್ಟಿಯ ಅಟ್ಟದಲ್ಲಿ ಅಕ್ಕಿ ಚೀಲ ಮುಚ್ಚಿದ್ದ ಒಂದು ತುಂಡು ಇತ್ತು, ತಂದುಕೊಟ್ಟೆ. ಅದನ್ನು ಅವಳು ಎಷ್ಟು ಹೊತ್ತು ಮೂಸಿದಳೆಂದರೆ ನನಗೆ ಭಯವಾಯಿತು. ಆಮೇಲೆ ಎರಡೂ ಬಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದೇ ನೋಡಿದ್ದು.

"ಇದರ ಅಡಿಯಾಗೂ ಗಂಜಲ ಐತಿ ತಂಗಿ. ಮೂವತ್ತು ವರ್ಷದಿಂದ ಐತಿ. ನಾ ಮೇಲಿನ ಬಣ್ಣ ನೋಡಿ ಒಂದೇ ಹೆಸರು ಕರದೆ."

ಸೋಮವಾರ ಕಟ್ಟೆಯ ಸುತ್ತ ಊರೇ ಸೇರಿತ್ತು. ಜಂಬಣ್ಣ ಎಮ್ಮೆಗಳನ್ನು ಹೊಡೆದುಕೊಂಡೇ ಬಂದಿದ್ದ, ಹೇಳಿ ಹೋಗೋಣವೆಂದು. ಚೌಡಕ್ಕ ಅಂದು ಮೊದಲು ಹರವಿದ್ದು ಕೆಂಪು ದುಪ್ಪಟಿಯನ್ನಲ್ಲ, ಜಂಬಣ್ಣ ಒಗೆದೂ ಬಿಡದ ಹಾಲು ಪೊರೆಯದನ್ನು. ಹರವಿ, "ಚೌಡಕ್ಕ" ಎಂದು ತನ್ನ ಹೆಸರು ಕರೆದಳು. ಜನ ಮುಖ ಮುಖ ನೋಡಿಕೊಂಡರು.

"ತಪ್ಪು ನಂದು. ತಪ್ಪು ಓದಿದೆ. ದೊಡ್ಡಿಯಿಂದ ಏಳೋ ಗಾಳಿ ಒಂಟಿಯಾಗಿ ಬೀಳಾಕ ಆಗಲ್ಲ. ಅದಕ್ಕೆ ಯಾರದಾದ್ರೂ ಕೈ ಬೇಕು. ಮೊದಲು ಹಾಲಮ್ಮನ ಟೈರಿನ ಹೊಗೆ ಅದರ ಕೈ ಹಿಡೀತಿತ್ತು, ಎರಡೂ ಕೂಡಿ ಬದನೆ ಬಣ್ಣದಾಗೆ ಬೀಳ್ತಿದ್ವು. ಹಾಲಮ್ಮ ಟೈರು ಬಿಟ್ಲು, ಚಲೋ ಆತು, ಬಣ್ಣ ಬಾಳ ಇಳೀತು. ಆದ್ರೆ ದೊಡ್ಡಿ ಗಾಳಿ ಕೈ ಖಾಲಿ ಆತು. ಚಳಿ ಬಂತು, ಲಾರಿಯಿಂದ ಕಣ್ಣಿಗೆ ಕಾಣದ್ದು ಒಂದು ಬರ್ತೈತಲ್ಲ, ಕರಿ ಮಸಿ ಅಲ್ಲ, ಅದಕಿಂತ ಸಣ್ಣದು, ಅದರ ಕೈ ಹಿಡೀತು. ಎಮ್ಮೆ ಇಲ್ದಾಗ್ಲೂ ದುಪ್ಪಟಿ ಬೆಳ್ಳಗೆ, ಲಾರಿ ಇಲ್ದಾಗ್ಲೂ ಬೆಳ್ಳಗೆ. ಇದು ಇಬ್ಬರ ಕೂಸು. ಒಬ್ಬನ ಮಡಿಲಿಗೆ ಹಾಕಿದೆ ನಾನು." ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. "ಈ ಬೆರಳಿಗೆ ಇನ್ನ ಮ್ಯಾಲೆ ಕಟ್ಟೆ ಬ್ಯಾಡ. ಬೇರೆ ಯಾರನ್ನಾದ್ರೂ ಕೂರಿಸ್ರಿ" ಎಂದು ಎದ್ದಳು.

ಎಲ್ಲರೂ ಕಕ್ಕಾಬಿಕ್ಕಿ. ನನಗೆ ಎಲ್ಲಿಂದ ಸಿಟ್ಟು ಬಂತೋ. "ಕೂರೇ ಸುಮ್ನೆ!" ಎಂದು ಗದರಿದೆ. ಚೌಡಕ್ಕನಿಗೆ ಏಕವಚನದಲ್ಲಿ ಗದರಿದ್ದು ನಾನೊಬ್ಬಳೇ ಇರಬೇಕು. "ತಪ್ಪು ಓದಿದವರು ಊರ ತುಂಬ ಅದಾರೆ. ಓದಿದ್ದು ತಪ್ಪು ಅಂತ ಎದ್ದು ನಿಂತು ಹೇಳಾಕ ಇನ್ಯಾರ್ನ ತರಾನ?" ಎಂದೆ. ಗಾದಿಲಿಂಗಪ್ಪ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ.

ಜಂಬಣ್ಣ ಮಾತ್ರ ನನ್ನ ಕಡೆ ಬಂದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಎದೆ ಹಗುರಾಗುತ್ತಿತ್ತು. "ಹಂಗಾದ್ರೆ ಹಾಲಕ್ಕ, ಇಷ್ಟು ವರ್ಷ ನನ್ನ ಪಾಲಿಂದೂ ನೀನೇ ಒಗದಿ" ಎಂದ. ಪುಣ್ಯಾತ್ಮ, ಅವನಿಗೆ ಹೊಳೆದದ್ದು ಅದು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ದೊಡ್ಡಿ ಉಳಿಯಿತು. ಜಂಬಣ್ಣ ಅಂದಿನಿಂದ ದಿನಕ್ಕೆ ಎರಡು ಸಲ ನೆಲ ಗುಡಿಸಿ, ಗಂಜಲ ನಿಲ್ಲದ ಹಾಗೆ ಕಾಲುವೆ ತೆಗೆದು, ತಿಪ್ಪೆಗುಂಡಿಗೆ ಮುಚ್ಚಳ ಮಾಡಿದ. ಅದು ಅವನ ಕೈಯಲ್ಲಿತ್ತು. ಲಾರಿ ಯಾರ ಕೈಯಲ್ಲಿತ್ತು? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ? ಸೇತುವೆ ಸರಿಯಾದ ದಿನ ಚೌಡಕ್ಕ ಹಾಲು ಪೊರೆಯ ದುಪ್ಪಟಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ನಡುವೆ ನಿಂತಳು. ಮೊದಲ ಲಾರಿ ಹಾರನ್ ಹೊಡೆಯಿತು, ಅವಳು ಕದಲಲಿಲ್ಲ. ಲಾರಿ ನಿಂತಿತು. "ಹತ್ತಿಸ್ಕೊಳಪ್ಪ, ನಿಮ್ಮೂರಿಗೆ ಬರ್ಬೇಕು" ಎಂದಳು. ಹಿಂದಕ್ಕೆ ಹೋಗುವ ಲಾರಿ ಅದು, ಹತ್ತಿಸಿಕೊಂಡು ಹೊರಟೇಬಿಟ್ಟರು. ಅರವತ್ತು ದಾಟಿದ ಹೆಂಗಸು, ಗುಡ್ಡದಾಚೆ ಅವಳ ಹೆಸರು ಕೇಳಿದವರಿಲ್ಲ, ಅವಳ ಕಟ್ಟೆಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಹೋಗಿ ಏನು ಮಾಡಿದಳೆಂದರೆ, ಲಾರಿ ಅಂಗಳದಲ್ಲಿ ದುಪ್ಪಟಿ ಹರವಿಕೊಂಡು ಕೂತಳಂತೆ. ಕೇಳಿದವರಿಗೆಲ್ಲ, "ಇದರಾಗೆ ಅರ್ಧ ನಮ್ಮ ಜಂಬಣ್ಣ ಒಗದಾನ. ಇನ್ನರ್ಧ ಒಗಿಯೋರು ಬೇಕಾಗ್ಯಾರೆ" ಎಂದಳಂತೆ. ಮೊದಲ ದಿನ ನಕ್ಕರಂತೆ. ಎರಡನೆಯ ದಿನ ಊಟ ತಂದುಕೊಟ್ಟರಂತೆ. ಮೂರನೆಯ ದಿನ ಡ್ರೈವರ್ ಓಬಳೇಶ ಎಂಬಾತ, "ನಡೀರಿ ದೊಡ್ಡವ್ವ, ನಾ ಬರ್ತೀನಿ" ಎಂದು ಎದ್ದನಂತೆ.

ಇದೆಲ್ಲ ನಮಗೆ ಹೇಳಿದವನು ಓಬಳೇಶನೇ. ಮುಂದಿನ ಸೋಮವಾರ ಚೌಡಕ್ಕನ ಜೊತೆ ಕಟ್ಟೆಗೆ ಬಂದ. ಜಗಜಟ್ಟಿ ಆಳು, ಕೈಯಲ್ಲಿ ಒಂದು ಗಂಟು. ಹೆಸರು ಕರೆದಾಗ ಏನು ಮಾಡಬೇಕೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟ, ಜಂಬಣ್ಣ ಎರಡೂ ಕೈ ಚಾಚುವುದನ್ನು ತೋರಿಸಿಕೊಟ್ಟ. ಊರೆಲ್ಲ ಕೆರೆಗೆ ಹಿಂದೆ ಹೋದೆವು. ಇಬ್ಬರೂ ಕೂಡಿ ತಿಕ್ಕಿದರು. ಆಮೇಲೆ ಒಂದೊಂದು ತುದಿ ಹಿಡಿದು ಹಿಂಡಿದರು. ಓಬಳೇಶನಿಗೆ ಹಿಂಡಿ ಅಭ್ಯಾಸವಿಲ್ಲ, ಜಂಬಣ್ಣ ತಿರುವಿದ ಕಡೆಗೇ ತಿರುವಿ ಎಲ್ಲರೂ ನಕ್ಕರು. "ನೀನು ಆ ಕಡೆ ತಿರುವೋ ಮಾರಾಯ!" ಎಂದು ನಾನು ಕೂಗಿದೆ. ತಿರುವಿದ. ಹಾಲಿನಂಥ ನೀರು ಸೋರಿತು, ದುಪ್ಪಟಿ ಬಿಚ್ಚಿದರೆ ಅಚ್ಚ ಬಿಳಿ. ನಾನು ಅಷ್ಟು ಬಿಳಿಯನ್ನು ಮದುವೆಯಾದ ಮೇಲೆ ನೋಡಿರಲಿಲ್ಲ.

ಕಟ್ಟೆಗೆ ವಾಪಸು ಬಂದೆವು. ಓಬಳೇಶ ಗಂಟಿನ ಕಡೆ ಕೈ ಮಾಡಿ, "ದೊಡ್ಡವ್ವ ಇದನ್ನೂ ತಗೊಂಡು ಬಾ ಅಂದ್ರು. ನಮ್ಮವ್ವ ಮಾಳಿಗಿ ಮ್ಯಾಲೆ ಸಂಡಿಗಿ ಹಾಕೋ ಪಂಚೆ. ನಮ್ಮೂರಾಗೆ ಎಲ್ಲರ ಮನ್ಯಾಗೂ ಪಂಚೆ ಹಿಂಗೇ ಅದಾವೆ. ಗುಡ್ಡದ ಬಣ್ಣ ಅಂತೀವಿ ನಾವು. ಹುಟ್ಟಿದಾಗ್ನಿಂದ ನೋಡೀವಿ. ನಮ್ಮವ್ವ ಕೆಮ್ಮಿ ಕೆಮ್ಮಿ ಹೋದ್ಲು, ಈ ಪಂಚೆ ಉಳೀತು" ಎಂದ.

ಚೌಡಕ್ಕ ಗಂಟು ಬಿಚ್ಚಿ ಪಂಚೆ ಹರವಿದಳು. ಹೆಸರು ಕರೆಯಲಿಲ್ಲ. ಬೆರಳಿಂದ ಮುಟ್ಟಲೂ ಇಲ್ಲ. ಯಾರ ಮುಖವನ್ನೂ ನೋಡದೆ ಬೇವಿನ ಎಲೆ ನೋಡುತ್ತಾ ಕೂತಳು. ಅವಳಿಗೆ ಗೊತ್ತಿತ್ತು. ಗುಡ್ಡದಾಚೆ ಮಾಳಿಗೆ ಮಾಳಿಗೆಯ ಮೇಲೂ ನೋಡಿಯೇ ಬಂದಿದ್ದಳು. ಅಲ್ಲಿ ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಹೇಳಲಿಲ್ಲ.

ಬದನೆಕಾಯಿಯ ಬಣ್ಣ. ಸಂಡಿಗೆ ಇಟ್ಟ ಜಾಗದಲ್ಲಿ ಮಾತ್ರ ಗುಂಡಗೆ ಬಿಳಿ ಬಿಳಿ ಚುಕ್ಕೆ, ಉಳಿದದ್ದೆಲ್ಲ ನಂದು. ಗಾಳಿ ಗುಡ್ಡ ಹತ್ತುತ್ತದೆ ಎಂದು ನನಗೆ ಎಂದಾದರೂ ಹೊಳೆದಿತ್ತೇ? ಇಪ್ಪತ್ತೇಳು ದುಪ್ಪಟಿ ಒಗೆದು ಋಣ ತೀರಿತು ಎಂದುಕೊಂಡವಳು ನಾನು. ಪಂಪು ಎತ್ತಿ ಹಿಡಿದು ಕಿರುಚಿದವಳು ನಾನು. ಅಲ್ಲಿಯೂ ಒಬ್ಬಳು ಗೋಡೆ ಹಿಡಿದು ಕೂತಿದ್ದಳು, ಅವಳಿಗೆ ಶಪಿಸಲು ಒಂದು ಹೆಸರೂ ಇರಲಿಲ್ಲ.

ಎದ್ದು ನಿಂತೆ. "ಹಾಲಮ್ಮ" ಎಂದು ನನ್ನ ಹೆಸರು ನಾನೇ ಕರೆದೆ. ನಾನೇ ಕೈ ಚಾಚಿದೆ. ಓಬಳೇಶ ನನ್ನ ಮುಖ ನೋಡಿದ, ಪಂಚೆ ನೋಡಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪಂಚೆ ಎತ್ತಿ, ಮಗುವನ್ನು ಕೊಡುವ ಹಾಗೆ ನನ್ನ ಕೈಯ ಮೇಲೆ ಇಟ್ಟ. "ಚಲೋತ್ನಾಗಿ ಒಗೀರವ್ವ" ಎಂದ.

ಈಗ ಲಾರಿಯವರು ಚಳಿಗಾಲದಲ್ಲಿ ಹೋಟೆಲ್ ಮುಂದೆ ಇಂಜಿನ್ ಆರಿಸುತ್ತಾರೆ. ಬೆಳಗಿನ ಹೊತ್ತು ಅರ್ಧದಷ್ಟು ಲಾರಿ ಊರು ಬಳಸಿ ಹೋಗುವ ಕೆಳಗಿನ ದಾರಿ ಹಿಡಿಯುತ್ತವೆ. ಪೊರೆ ಪೂರ್ತಿ ಹೋಗಿದೆ ಎನ್ನಲಾರೆ, ಬಿದ್ದ ವಾರ ಓಬಳೇಶನೋ ಅವನ ಕಡೆಯವರೋ ಬಂದು ಜಂಬಣ್ಣನ ಜೊತೆ ಕೂತು ಒಗೆದು ಹೋಗುತ್ತಾರೆ. ಗುಡ್ಡದಾಚೆಯಿಂದ ನನಗೆ ವಾರಕ್ಕೆ ಹತ್ತು ಪಂಚೆ ಬರುತ್ತವೆ. ಹಳೇ ಬಣ್ಣ, ಸುಲಭಕ್ಕೆ ಬಿಡುವುದಿಲ್ಲ. ಕೈ ಸಿಪ್ಪೆ ಸುಲಿದಿದೆ. ಬೈಯುತ್ತಲೇ ಒಗೆಯುತ್ತೇನೆ, ಬೈಯುವುದು ನನ್ನನ್ನೇ. ಬದನೆ ಬಣ್ಣ ಬಿಟ್ಟ ಮೇಲೆ ಉಳಿಯುವ ಮಬ್ಬಿಗೆ ಜಂಬಣ್ಣ ಬರುತ್ತಾನೆ, "ತಗಿ ಹಾಲಕ್ಕ, ಇದು ನನ್ನ ಪಾಲು" ಎನ್ನುತ್ತಾ.

ಹೋದ ವಾರ ಓಬಳೇಶನ ಅವ್ವನ ಪಂಚೆ ಮುಗಿಯಿತು. ಹನ್ನೊಂದು ಸಲ ಒಗೆದಿದ್ದೆ. ಜಂಬಣ್ಣ ತನ್ನ ಪಾಲು ತಿಕ್ಕಿ ಎಮ್ಮೆಯ ಹತ್ತಿರ ಹೋಗಿದ್ದ. ಹಿಂಡಲು ಯಾರನ್ನು ಕರೆಯಲಿ ಎಂದು ಸುತ್ತ ನೋಡಿದೆ. ನಮ್ಮ ಮನೆಯವರು ದಂಡೆಯ ಮೇಲಿಂದ ಮೆಲ್ಲಗೆ ಇಳಿದು ಬಂದು, ತಾವು ಉಟ್ಟ ಪಂಚೆ ಮೊಳಕಾಲ ಮೇಲಕ್ಕೆ ಕಟ್ಟಿ, ನನ್ನ ಕೈಯಲ್ಲಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದರು.

"ಬ್ಯಾಡ್ರಿ, ದಮ್ಮು ಬರ್ತೈತಿ" ಎಂದೆ.

"ಭಟ್ಟಿಗೆ ಟೈರು ಹಾಕಿದ್ದು ನೀನೊಬ್ಬಳೇನು?" ಎಂದರು. "ಹಿಡಿ ಸರಿಯಾಗಿ."

ಅವರು ಎಡಕ್ಕೆ ತಿರುವಿದರು, ನಾನು ಬಲಕ್ಕೆ. ಒಮ್ಮೆ, ಎರಡು ಸಲ, ಮೂರು ಸಲ. ನಾನು ಬಟ್ಟೆ ನೋಡಲಿಲ್ಲ, ಅವರ ಎದೆಯನ್ನೇ ನೋಡುತ್ತಿದ್ದೆ. ಕೊನೆಯ ಹನಿ ಬೀಳುವ ತನಕ ತಿರುವಿದರು. ಕೆಮ್ಮಲಿಲ್ಲ.